ಲೆಮ್ಮಾ ನಾಲ್ಕು ಮತ್ತು ಮಡಿಕೋಲು

ಜೂನ್ ೧೧, ಬುಧವಾರ

ಬಂತು! ಬಂತು, ಬಂತು, ಬಂತು!

ಬಸ್ಸು ಮಹಾಗಾಂವ ಕ್ರಾಸ್ ಬಿಟ್ಟು ಇನ್ನೂ ವೇಗ ಹಿಡಿದಿರಲಿಲ್ಲ, ಫೋನು ಟಿಣ್ ಎಂದಿತು. ಪರದೇಶದ ತರ್ಕಶಾಸ್ತ್ರ ಜರ್ನಲ್ಲಿನ ಸಂಪಾದಕರ ಮೇಲ್. ತಿರಸ್ಕಾರದ ಪತ್ರಗಳೆಲ್ಲ ‘ವಿಷಾದ’ದಿಂದ ಶುರುವಾಗುತ್ತವೆ, ಒಂಬತ್ತು ಬಂದಿವೆ, ನನಗೆ ಬಾಯಿಪಾಠ. ಇದು ‘ಸಂತೋಷ’ದಿಂದ ಶುರುವಾಗಿತ್ತು. ಮುಂದಿನದನ್ನು ಓದಲೂ ಇಲ್ಲ, ಚೀರಿಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ ಸೀಟಿ ಊದಿ ಬಸ್ಸು ನಿಲ್ಲಿಸಿದ.

“ಏನಾಯ್ತ್ರೀ ಅಕ್ಕೋರೆ? ಪರ್ಸ್ ಹೋಯ್ತೇನ್ರಿ?”

“ಇಲ್ರಿ, ನನ್ನ ಪೇಪರ್ ಪಾಸಾಯ್ತು!”

“ಈ ವಯಸ್ಸಿನ್ಯಾಗ ಯಾವ ಪರೀಕ್ಷಾ ಕಟ್ಟಿದ್ರಿ?”

ಬಸ್ಸೆಲ್ಲ ನಕ್ಕಿತು. ಪಕ್ಕದಲ್ಲಿದ್ದ ಬಂದೇನವಾಜ್ ಸರ್ ಮಾತ್ರ ಎದ್ದು ನಿಂತು “ಮುಬಾರಕ್ ಮೇಡಂ, ಮುಬಾರಕ್!” ಎಂದರು. ಕಮಲಾಪುರದ ಹೈಸ್ಕೂಲಿನಲ್ಲಿ ಅವರು ವಿಜ್ಞಾನ ಕಲಿಸುತ್ತಾರೆ, ನಾನು ಗಣಿತ. ಆರು ವರ್ಷದಿಂದ ಕಲಬುರಗಿಯಿಂದ ದಿನಾ ಒಂದೇ ಬಸ್ಸು. ನನ್ನ ತರ್ಕದ ಕಾಟವನ್ನು ಸಹಿಸಿದವರು ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ.

ತರ್ಕಶಾಸ್ತ್ರದಲ್ಲಿ ನನಗೆ ಡಿಗ್ರಿ ಇಲ್ಲ, ಗೈಡ್ ಇಲ್ಲ. ಇರುವುದು ಗಾಜಿಪುರದ ಮನೆಯ ಮಾಳಿಗೆ ಮತ್ತು ಹಳೇ ಪ್ರಶ್ನೆಪತ್ರಿಕೆಗಳ ಖಾಲಿ ಹಿಂಬದಿ. ಅಷ್ಟರಲ್ಲೇ ಮಾಡಿದೆ! ಈ ಮಂಜುಷಾ ಮಾಡಿದಳು! ಅಂತಿಮ ಪ್ರತಿಯನ್ನು ಜುಲೈ ೨೦ರೊಳಗೆ ಕಳಿಸಬೇಕಂತೆ. ಕಳಿಸುತ್ತೇನೆ ಮಹಾರಾಯರೇ, ಓಡುತ್ತ ಬಂದು ಕೈಯಲ್ಲೇ ಕೊಡು ಎಂದರೂ ಕೊಡುತ್ತೇನೆ.

ಜೂನ್ ೧೫, ರವಿವಾರ

ನಾಲ್ಕು ದಿನವಾಯಿತು, ಇನ್ನೂ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ. ನಿನ್ನೆ ಹತ್ತನೇ ತರಗತಿಗೆ ಬೀಜಗಣಿತ ಹೇಳುತ್ತ ನಡುವೆ ಸುಮ್ಮಸುಮ್ಮನೆ ನಕ್ಕೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಂಡ ಸುಮಧ್ವನಿಗೆ ವಿಷಯ ಹೇಳಿದಾಗ, “ಪೇಪರಿನ್ಯಾಗ ಫೋಟೋ ಬರ್ತದೇನು?” ಎಂದು ಕೇಳಿದ. ಬರುವುದಿಲ್ಲ ಎಂದೆ. “ಹಂಗಾರ ಜನಕ್ಕ ಹೆಂಗ ಗೊತ್ತಾಗಬೇಕು?” ಎಂದ. ಸೇಡಂ ರಸ್ತೆಯ ವಿಮಾ ಆಫೀಸಿನಲ್ಲಿ ದಿನವಿಡೀ ಜನರನ್ನು ನಂಬಿಸುವ ಕೆಲಸ ಮಾಡುವವನಿಗೆ ಪ್ರಮೇಯವೆಂದರೆ ಏನೆಂದು ತಿಳಿಸುವುದು ಕಷ್ಟ.

ಇಂದೂಬಾಯಿ ಏನೂ ಕೇಳಲಿಲ್ಲ. ಇಂದೂಬಾಯಿ ಎಂದರೆ ನನ್ನ ಅತ್ತೆ. ಎದುರಿಗೆ ‘ಅತ್ಯಾ’ ಎನ್ನುತ್ತೇನೆ. ಯಾರೂ ಓದದ ಈ ವಹಿಯಲ್ಲಿ ಎದುರಾಳಿಯನ್ನು ಹೆಸರು ಹಿಡಿದೇ ಕರೆಯುತ್ತೇನೆ, ನನ್ನ ಖುಷಿ.

ಎದುರಾಳಿಯೇ ಸರಿ. ಇಡೀ ಪ್ರಮೇಯ ಹುಟ್ಟಿದ್ದು ಅವರ ಮೇಲಿನ ಸಿಟ್ಟಿನಿಂದ. ಬೆಳಗ್ಗೆ ಸ್ನಾನ ಮಾಡಿ, ಯಾರೂ ಮುಟ್ಟದೆ ಒಣಗಿದ ಸೀರೆ ಉಟ್ಟು, ಅಡುಗೆ ಪೂಜೆ ಮುಗಿಯುವತನಕ ಅವರು ಮಡಿ. ಅಷ್ಟು ಹೊತ್ತು ಸ್ನಾನವಿಲ್ಲದವರು ಮುಟ್ಟಿದರೆ ಮೈಲಿಗೆ, ಮುಟ್ಟಿದ್ದನ್ನು ಮುಟ್ಟಿದರೂ ಮೈಲಿಗೆ. ಆರು ವರ್ಷದ ಹಿಂದೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನನ್ನ ಸೆರಗು ಅವರ ನೀರಿನ ಕೊಡಕ್ಕೆ ತಾಕಿತು. ತಾಕಿತು ಅಷ್ಟೇ! ಕೊಡ ಚೆಲ್ಲಿದರು, ಮತ್ತೆ ಸ್ನಾನ ಮಾಡಿದರು, ಒಲೆ ಮತ್ತೆ ಹೊತ್ತಿಸಿದರು. ನಾನು ಡಬ್ಬಿಯಿಲ್ಲದೆ ಕಮಲಾಪುರಕ್ಕೆ ಹೋದೆ. ಹಸಿದ ಹೊಟ್ಟೆಯಲ್ಲಿ ಬಸ್ಸಿನಲ್ಲೇ ಶಪಥ ಮಾಡಿದೆ: ಈ ಮಡಿ ಎಂಬುದು ಅಸಾಧ್ಯವೆಂದು ಲೆಕ್ಕ ಹಾಕಿ ತೋರಿಸುತ್ತೇನೆ.

ತೋರಿಸಿದ್ದೇನೆ. ಇಪ್ಪತ್ತೆರಡು ಪುಟ. ಪ್ರಮೇಯಕ್ಕೆ ಏರುವ ಒಂದೊಂದು ಮೆಟ್ಟಿಲಿಗೂ ಲೆಮ್ಮಾ ಎನ್ನುತ್ತಾರೆ, ಇದರ ಬೆನ್ನೆಲುಬು ಲೆಮ್ಮಾ ನಾಲ್ಕು: ಮೈಲಿಗೆ ಮುಟ್ಟಿದಲ್ಲೆಲ್ಲ ಹರಡುತ್ತದೆ, ಹರಡಿದ್ದು ಮತ್ತೆ ಹರಡುತ್ತದೆ, ಸರಪಳಿ ಎಲ್ಲೂ ತುಂಡಾಗುವುದಿಲ್ಲ. ರೇಷ್ಮೆಗೆ ಮೈಲಿಗೆಯಿಲ್ಲ ಎಂಬ ವಿನಾಯಿತಿಯನ್ನು ಲೆಮ್ಮಾ ಎರಡರಲ್ಲೇ ಮುಗಿಸಿದ್ದೇನೆ. ಕೊನೆಗೆ ಪ್ರಮೇಯ: ಮನೆಯಲ್ಲಿ ಒಂದೇ ಒಂದು ಮೈಲಿಗೆಯ ವಸ್ತು ಇದ್ದರೂ ಒಲೆ ಹೊತ್ತುವ ಮೊದಲೇ ಮನೆಯೆಲ್ಲ ಮೈಲಿಗೆ. ಇಂದೂಬಾಯಿ ಅರವತ್ತು ವರ್ಷದಿಂದ ಮಾಡುತ್ತಿರುವ ಕೆಲಸ ತಾರ್ಕಿಕವಾಗಿ ಆಗುವಂಥದ್ದೇ ಅಲ್ಲ. ಇಬ್ಬರು ವಿಮರ್ಶಕರು ಎರಡೆರಡು ಸಲ ಓದಿ ಸೈ ಎಂದಿದ್ದಾರೆ.

ಜೂನ್ ೨೪, ಮಂಗಳವಾರ

ಬಂದೇನವಾಜ್ ಸರ್ ಇಡೀ ಪ್ರತಿ ಓದಿ ಬಸ್ಸಿನಲ್ಲಿ ವಾಪಸು ಕೊಟ್ಟರು. “ಕಮಾಲ್ ಮಾಡೀರಿ ಮೇಡಂ. ಒಂದು ಸವಾಲ್ ಅದ, ಕೇಳ್ಲೇನ್ರಿ?”

“ಕೇಳ್ರಿ ಸರ್.”

“ಇದರಾಗ ಕೊಡ ಅವ, ಸೀರಿ ಅವ, ಸೌಟು ಅದ. ನಾ ಎಲ್ಲಿ ಬರ್ತೀನ್ರಿ?”

ಅವರು ನಗುತ್ತಲೇ ಕೇಳಿದರು. ಆರು ವರ್ಷ ವಸ್ತುಗಳ ಪಟ್ಟಿ ಮಾಡಿದವಳು ಮನುಷ್ಯರನ್ನು ಅದಕ್ಕೆ ಸೇರಿಸಿಲ್ಲ. ಸರಳವಾಗಲಿ ಎಂದು ಬಿಟ್ಟೆ ಅಂದುಕೊಂಡಿದ್ದೆ. ಯಾರ ಮನೆಯವರು ಮುಟ್ಟಿದರೆ ಮೈಲಿಗೆ ಎಂದು ಬರೆಯಬೇಕಾದೀತೆಂಬ ಹೆದರಿಕೆಯಿಂದ ಬಿಟ್ಟದ್ದು. ಕಮಲಾಪುರ ಬಂದದ್ದೇ ಬೇರೆ ಮಾತಾಡಿ ಇಳಿದೆ, ನಾಚಿಕೆಯಾಯಿತು.

ಜುಲೈ ೬, ರವಿವಾರ, ಆಷಾಢ ಏಕಾದಶಿ

ಆದದ್ದನ್ನು ಆದ ಕ್ರಮದಲ್ಲೇ ಬರೆಯುತ್ತೇನೆ.

ಇವತ್ತು ಒಲೆ ಇಲ್ಲ. ಇಂದೂಬಾಯಿ ಪೂಜೆ ಮುಗಿಸಿ ಪಡಸಾಲೆಯಲ್ಲಿ ಹತ್ತಿ ಹಿಡಿದು ಹೂಬತ್ತಿ ಮಾಡುತ್ತ ಕೂತಿದ್ದರು. ನನ್ನನ್ನು ಕರೆದರು. “ಏನವಾ, ಅದೇನು ಬರದೀ, ಹೇಳು ನೋಡೂಣು. ಉಪವಾಸ, ಅಡಿಗಿ ಇಲ್ಲ, ಹೊತ್ತು ಹೋಗವಲ್ದು.”

ನಾನು ಕಾಯುತ್ತಿದ್ದದ್ದೇ ಈ ಗಳಿಗೆಗೆ! ಲೋಟ, ತಂಬಿಗೆ, ತಟ್ಟೆ ಸಾಲಾಗಿ ಇಟ್ಟು ಒಂದೊಂದೇ ಹೆಜ್ಜೆ ಹೇಳಿದೆ. ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ, ಆದರೆ ನಡುನಡುವೆ ತಡೆದು ಕೇಳಿದರು.

“ಮುಟ್ಟಿದ್ದನ್ನ ಮುಟ್ಟಿದ್ರ ಅದೂ ಮೈಲಿಗಿ?”

“ಅದೂರಿ.”

“ಅದನ್ನ ಮುಟ್ಟಿದ್ರ?”

“ಅದೂರಿ. ಎಲ್ಲೂ ನಿಂದ್ರಂಗಿಲ್ಲ ಅತ್ಯಾ. ಅದಕ್ಕ ನೋಡ್ರಿ, ನಿಮ್ಮ ಮಡಿ ಅನ್ನೋದು ಆಗೋ ಕೆಲಸ ಅಲ್ಲ.”

ಎಷ್ಟು ಜಂಬದಿಂದ ಹೇಳಿದೆನೋ! ಅವರು ಇನ್ನೊಂದು ಬತ್ತಿ ಮುಗಿಸಿ ತಟ್ಟೆಯಲ್ಲಿಟ್ಟರು.

“ಹಂಗಾರ ಕೋಲು?”

“ಯಾವ ಕೋಲ್ರಿ?”

“ದಿನಾ ಮುಂಜಾನೆ ಮಾರಿ ಸುದ್ದಾ ತೊಳಕೊಳ್ಳದ ಬಂದು ನನ್ನ ಮಡಿ ಸೀರಿ ಒಣಗಲಿಕ್ಕೆ ಮ್ಯಾಲಿನ ಗಳಕ್ಕ ಏರಸ್ತೀಯಲ್ಲ, ಆ ಕೋಲು. ಕೆಳಗ ನಿನ್ನ ಕೈ, ಮ್ಯಾಲ ನನ್ನ ಸೀರಿ. ಸೀರಿ ಮಡೀನ ಇರ್ತದ. ನನ್ನ ಭುಜ ಹಿಡದಾಗಿಂದ ಮೂರು ವರ್ಷ ನೀನ ಏರಸ್ಲಿಕತ್ತೀ.”

ನನ್ನ ಕೈ ಕೋಲನ್ನು ಮುಟ್ಟುತ್ತದೆ. ಕೋಲು ಸೀರೆಯನ್ನು ಮುಟ್ಟುತ್ತದೆ. ಸೀರೆಗೆ ಮೈಲಿಗೆ ತಾಕುವುದಿಲ್ಲ. ಸರಪಳಿ ತುಂಡಾಗುತ್ತದೆ, ದಿನಾ ಬೆಳಗ್ಗೆ ಆರೂವರೆಗೆ, ನನ್ನ ಕೈಯಲ್ಲೇ! ಪಟ್ಟಿಯಲ್ಲಿ ಕೋಲನ್ನು ಮಣೆ, ಲಟ್ಟಣಿಗೆಗಳ ಜೊತೆ ‘ಕಟ್ಟಿಗೆಯ ಸಾಮಾನು’ ಎಂದು ಸೇರಿಸಿ ಮುಂದೆ ಹೋಗಿದ್ದೆ.

ಲೆಮ್ಮಾ ನಾಲ್ಕು ಸತ್ತಿತು. ಅದರ ಮೇಲೆ ನಿಂತ ಹದಿನೆಂಟು ಪುಟಗಳೂ ಹೋದವು. ಇಂದೂಬಾಯಿ ನನ್ನ ಮುಖ ನೋಡಿ ಹೆದರಿ, “ಯಾಕವಾ, ಉಪವಾಸ ತಡಿಯಂಗಿಲ್ಲೇನು, ಬಾಳಿಹಣ್ಣು ತಿನ್ನು” ಎಂದರು.

ಜುಲೈ ೭, ಸೋಮವಾರ

ಕೋಲು. ದರಿದ್ರ ಕೋಲು. ಇನ್ನು ಹದಿಮೂರು ದಿನ.

ಜುಲೈ ೯, ಬುಧವಾರ

ಸಂಪಾದಕರಿಗೆ ಬರೆದೆ. ಲೆಮ್ಮಾ ನಾಲ್ಕರಲ್ಲಿ ತೂತಿದೆ, ಕಂಡುಹಿಡಿದವರು ನಮ್ಮ ಅತ್ತೆ ಎಂದೆ. ಕಳಿಸಿದ ಮೇಲೆ ಹತ್ತು ನಿಮಿಷ ಅತ್ತುಬಿಟ್ಟೆ. ಆಮೇಲೆ ತೂತು ಮುಚ್ಚಲು ಕೂತೆ.

ಕೋಲನ್ನು ಒಂದಲ್ಲ, ಎರಡು ವಸ್ತು ಎನ್ನೋಣ: ಕೆಳಗಿನದು ಮೈಲಿಗೆ, ಮೇಲಿನದು ಮಡಿ. ಇದೇ ಉಪಾಯವೆಂದು ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತೆಗೆ ಹೇಳಿದೆ.

“ಎಲ್ಲಿ ಮುರೀತಿ?” ಎಂದರು.

“ಏನ್ರಿ?”

“ಎರಡು ಅಂದ್ಯಲ್ಲ, ಯಾವ ಜಾಗಾದಾಗ ಎರಡು ಆಗ್ತದ?”

ಬಳಪ ತಂದು ಕೋಲಿನ ಮೇಲೆ ಗೇಣು ಗೇಣಿಗೆ ಗೆರೆ ಹಾಕಿದೆ. ಇಲ್ಲಿ ಹಿಡಿದರೆ ಸೀರೆ ಮಡಿಯೇ? ಮಡಿ. ಇಲ್ಲಿ? ಮಡಿ. ಇನ್ನೊಂದು ಗೇಣು ಮೇಲೆ? ಅದೂ ಮಡಿ. ಹಾಗೇ ಹೋಗಿ ಹೋಗಿ ಸೀರೆಯ ಹತ್ತಿರಕ್ಕೇ ಬಂದೆವು! ಗೇಣನ್ನು ಅರ್ಧ ಮಾಡಿದೆ, ಅರ್ಧವನ್ನು ಮತ್ತೆ ಅರ್ಧ ಮಾಡಿದೆ, ಮಡಿ ನಿಲ್ಲುವ ಗೆರೆ ಸಿಕ್ಕಲೇ ಇಲ್ಲ. ಅತ್ತೆಗೆ ಇದು ಎಷ್ಟು ರುಚಿಸಿತೆಂದರೆ, ಒಲೆ ಸಣ್ಣ ಮಾಡಿ ಬಂದು ಬಗ್ಗಿ ನೋಡತೊಡಗಿದರು. “ಇಲ್ಲಿ ಹಾಕು, ಇನ್ನೊಂದು ಹಾಕು, ನಡಕ ಜಾಗಾ ಅದ ನೋಡು.” ಸುಮಧ್ವ ಎದ್ದು ಬಂದು, ನಾವಿಬ್ಬರೂ ಕೋಲಿನ ಎರಡು ಕಡೆ ಕೂತಿದ್ದನ್ನು ಕಂಡು, “ಇಬ್ಬರೂ ಬರೋಬ್ಬರಿ ಅದೀರಿಲ್ಲೋ?” ಎಂದು ಕೇಳಿದ. ಅತ್ತೆ ಅವನಿಗೆ ಚಹಾ ನೀನೇ ಮಾಡಿಕೋ ಎಂದರು. ಹೊಟ್ಟೆ ಹಿಡಿದು ನಕ್ಕೆ. ಹನ್ನೊಂದು ದಿನ ಉಳಿದಿರುವವಳು ಹೀಗೆ ನಗಬಾರದು.

ಜುಲೈ ೧೨, ಶನಿವಾರ

ಇವತ್ತು ಕಮಲಾಪುರದಲ್ಲಿ ಇಳಿಯಲೇ ಇಲ್ಲ! ಬಂದೇನವಾಜ್ ಸರ್ ರಜೆ, ಎಬ್ಬಿಸುವವರಿಲ್ಲ. ಬಸ್ಸು ಹುಮನಾಬಾದಿನ ಕಡೆ ಎಂಟು ಕಿಲೋಮೀಟರ್ ಹೋದ ಮೇಲೆ ತಲೆ ಎತ್ತಿದೆ. ಕೆಂಪು ಬಾಳೆಗೊನೆ ಹೇರಿಕೊಂಡು ಬರುತ್ತಿದ್ದ ಒಂದು ಟೆಂಪೋ ಹತ್ತಿ ವಾಪಸು ಬಂದೆ. ಡ್ರೈವರ್ ನಬಿಸಾಬ್ ಎಂಬ ಪುಣ್ಯಾತ್ಮ ದಾರಿಯುದ್ದಕ್ಕೂ ನನ್ನ ಲೆಕ್ಕ ಕೇಳಿಸಿಕೊಂಡು ಎರಡು ಹಣ್ಣು ಕೊಟ್ಟ.

ಕಾರಣ ಇದು. ನಿನ್ನೆ ಅತ್ತೆಯನ್ನು ಸೋತು ಕೇಳಿದೆ: “ಕೋಲಿನ್ಯಾಗ ಮೈಲಿಗಿ ಎಲ್ಲಿ ನಿಂದ್ರತದ, ನೀವ ಹೇಳ್ರಿ.”

“ಕೋಲಿನ್ಯಾಗ ನಿಂದ್ರಂಗಿಲ್ಲವಾ. ಹಿಡದಾಕಿ ಲಕ್ಷ್ಯದಾಗ ನಿಂದ್ರತದ. ಸೀರಿಗೆ ತಾಕಬಾರದು ಅಂತ ಕಾಳಜೀಲೆ ಹಿಡದೀ, ತಾಕಲಿಲ್ಲ. ಮುಗೀತು.”

“ಮತ್ತ ಗೊತ್ತಿಲ್ಲದ ತಾಕಿದ್ರ?”

“ಗೊತ್ತಿಲ್ಲಂದ್ರ ಇಲ್ಲ. ಗೊತ್ತಾದ ಮ್ಯಾಲೆ ಅದ.”

ಗೊತ್ತಾದ ಮೇಲೆ! ಹಾಗಾದರೆ ಮಡಿ ಎಂಬುದು ಮುಟ್ಟುವುದರ ತರ್ಕವೇ ಅಲ್ಲ, ತಿಳಿಯುವುದರ ತರ್ಕ. ನನಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ, ಆಗ ಸೀರೆ ಏನು? ನನಗೆ ಗೊತ್ತೆಂಬುದು ಅತ್ತೆಗೆ ಗೊತ್ತಾದರೆ? ನಾನು ಹೇಳಿದ ಕ್ಷಣ ಸೀರೆಯ ಸ್ಥಿತಿ ಬದಲಾಗುತ್ತದೆಯೇ, ಅಥವಾ ಹಿಂದಿನ ಗಳಿಗೆಯಿಂದಲೂ ಹಾಗೇ ಇತ್ತೇ? ಬಸ್ಸಿನಲ್ಲಿ ಟಿಕೆಟ್ಟಿನ ಹಿಂದೆ ಬರೆದೆ, ಜಾಗ ಸಾಲದೆ ಅಂಗೈ ಮೇಲೆ ಬರೆದೆ.

ಹೆಡ್‌ಮಾಸ್ಟರ್ ದೌಲಪ್ಪನವರು ಗಡಿಯಾರ ತೋರಿಸಿ, “ತಡ ಆಗಿದ್ದಕ್ಕ ಕಾರಣ ಬರದು ಕೊಡ್ರಿ” ಎಂದರು. ‘ವಿಚಾರದಲ್ಲಿ ಮುಳುಗಿದ್ದರಿಂದ ಊರು ದಾಟಿ ಹೋದೆನು’ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ ಫೈಲಿಗೆ ಸೇರಿಸಿದರು.

ಜುಲೈ ೧೩, ರವಿವಾರ

ಬಂದೇನವಾಜ್ ಸರ್ ಕೇಳಿದ್ದನ್ನು ಧೈರ್ಯ ಮಾಡಿ ಅತ್ತೆಯ ಮುಂದಿಟ್ಟೆ. ಮನುಷ್ಯರನ್ನು ನಮ್ಮ ಪಟ್ಟಿಯಲ್ಲಿ ಹೇಗೆ ಸೇರಿಸುವುದು?

ಅತ್ತೆ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟರು. “ನಮ್ಮ ಅತ್ತಿ ಇದ್ದಾಗ ಇಂಥಾ ಮನಿಯವರು ನೆರಳು ಬಿದ್ರೂ ಕೂಡದು ಅಂತಿದ್ರು. ನಾನೂ ಹಂಗ ಮಾಡೀನಿ. ಭಾಳ ವರ್ಷ ಮಾಡೀನಿ. ಅದು ಮಡಿ ಅಲ್ಲವಾ, ಸೊಕ್ಕು. ಜಳಕಾ ಆಗಿಲ್ಲಂದ್ರ ನೀನೂ ಅಷ್ಟ, ನಾನೂ ಅಷ್ಟ. ಯಾರ ಮನಿಯಾಕಿ ಅಂತ ಕೇಳೂದು ಬ್ಯಾಡ. ಬರಕೋ.”

ಬರೆದುಕೊಂಡೆ. ತಿಳಿಯುವುದರ ತರ್ಕಕ್ಕೆಂದು ಇಬ್ಬರೂ ಇವತ್ತು ಶುರುಮಾಡಿದ ಹೊಸ ಪಟ್ಟಿಯಲ್ಲಿ ಅದು ಮೊದಲನೇ ನಿಯಮ: ಹುಟ್ಟಿನ ಬಗ್ಗೆ ಯಾವ ಚಿಹ್ನೆಯೂ ಇಲ್ಲ. ಅತ್ತೆ ಅದನ್ನು ಓದಿಸಿ ಕೇಳಿ, “ಇದು ಸರಿಯಾಗಿ ಕುಂತದ” ಎಂದರು. ಇಷ್ಟು ವರ್ಷ ಅವರನ್ನು ಒಂದು ಮಾತೂ ಕೇಳದೆ ಅವರ ಬಗ್ಗೆ ಇಪ್ಪತ್ತೆರಡು ಪುಟ ಹೇಗೆ ಬರೆದೆನೋ!

ಜುಲೈ ೧೫, ಮಂಗಳವಾರ

ಸಂಪಾದಕರ ಉತ್ತರ. ಬಹಳ ಒಳ್ಳೆಯ ಮನುಷ್ಯ. ನಮ್ಮ ಅತ್ತೆಗೆ ನಮಸ್ಕಾರ ತಿಳಿಸಿದ್ದಾರೆ. ಪ್ರಬಂಧ ಉಳಿಸುವುದು ಸುಲಭ ಎನ್ನುತ್ತಾರೆ: ಅಡಿಟಿಪ್ಪಣಿಯಲ್ಲಿ ಒಂದೇ ಸಾಲು ಸೇರಿಸಿ, ‘ಈ ಮನೆಯಲ್ಲಿ ಕೋಲು, ಇಕ್ಕಳ ಮುಂತಾದ ಸಲಕರಣೆಗಳನ್ನು ಯಾರೂ ಬಳಸುವುದಿಲ್ಲ ಎಂದು ಭಾವಿಸಲಾಗಿದೆ’. ಆಗ ಲೆಮ್ಮಾ ನಾಲ್ಕು ಮತ್ತೆ ನಿಲ್ಲುತ್ತದೆ, ಇಪ್ಪತ್ತನೇ ತಾರೀಖಿಗೆ ಕಳಿಸಿದರೆ ಈ ವರ್ಷವೇ ಅಚ್ಚು.

ಒಂದೇ ಸಾಲು! ಅಡುಗೆಮನೆಯಲ್ಲೇ ಕುಣಿದೆ.

ಜುಲೈ ೧೮, ಶುಕ್ರವಾರ

ಬಂದೇನವಾಜ್ ಸರ್: “ಹಾಕ್ಬಿಡ್ರಿ ಮೇಡಂ. ಮೊದಲು ಒಂದು ಅಚ್ಚಾಗ್ಲಿ.” ಸುಮಧ್ವ: “ಒಂದು ಸಾಲಿಗೆ ಇಷ್ಟ್ಯಾಕ ವಿಚಾರ ಮಾಡ್ತಿ?”

ಸಾಲು ಹಾಕಿ ಓದಿದೆ. ಒಂದು ದೋಷವೂ ಇಲ್ಲ. ಆದರೆ ಆ ಮನೆ ಎಲ್ಲಿದೆ? ಇಕ್ಕಳವಿಲ್ಲದೆ ಬಿಸಿ ಪಾತ್ರೆ ಇಳಿಸುವ, ಕೋಲಿಲ್ಲದೆ ಸೀರೆ ಏರಿಸುವ ಮನೆ ಇಡೀ ಗಾಜಿಪುರದಲ್ಲಿ ಒಂದಾದರೂ ಇದೆಯೇ? ಯಾರೂ ಇಲ್ಲದ ಮನೆಯಲ್ಲಿ ಮಡಿ ಅಸಾಧ್ಯವೆಂದು ಸಾಧಿಸಿ ಯಾರಿಗೆ ತೋರಿಸಲಿ? ಆದರೂ ಒಂಬತ್ತು ‘ವಿಷಾದ’ಗಳ ಮೇಲೆ ಬಂದ ಒಂದೇ ‘ಸಂತೋಷ’ ಇದು. ಇನ್ನೊಂದು ಬರುತ್ತದೆಂದು ಯಾರು ಬರೆದುಕೊಟ್ಟಿದ್ದಾರೆ? ಬಿಡಲು ಜೀವ ಒಪ್ಪುತ್ತಿಲ್ಲ, ನಿಜ ಹೇಳಬೇಕೆಂದರೆ ಬಹಳ ಆಸೆಯಾಗುತ್ತಿದೆ.

ಜುಲೈ ೨೦, ರವಿವಾರ

ಬೆಳಗ್ಗೆ ಹತ್ತು ಗಂಟೆಗೆ ಲ್ಯಾಪ್‌ಟಾಪ್ ತೆರೆದು ಕೂತೆ. ಅಡಿಟಿಪ್ಪಣಿ ಹಾಕಿದ ಪ್ರತಿ ಸಿದ್ಧವಿತ್ತು, ಕಳಿಸುವುದೊಂದೇ ಬಾಕಿ. ಪಕ್ಕದಲ್ಲಿ ಹೊಸ ಪಟ್ಟಿ ಬಿದ್ದಿತ್ತು, ಪೂರ್ತಿ ಆರು ಸಾಲೂ ಇಲ್ಲ. ಎರಡನ್ನೂ ನೋಡಿದೆ. ಹಳೆಯದರಲ್ಲಿ ನನಗೆ ಕೇಳಲು ಒಂದು ಪ್ರಶ್ನೆಯೂ ಉಳಿದಿರಲಿಲ್ಲ. ಹೊಸದರಲ್ಲಿ ಪ್ರಶ್ನೆಗಳೇ ಇದ್ದವು. ‘ಪ್ರಮೇಯ ಸುಳ್ಳು, ಪ್ರಬಂಧವನ್ನು ಹಿಂದೆ ತೆಗೆದುಕೊಳ್ಳುತ್ತಿದ್ದೇನೆ’ ಎಂದು ಬರೆದು, ಕಣ್ಣು ಮುಚ್ಚಿ ಕಳಿಸಿಬಿಟ್ಟೆ.

ಕಣ್ಣು ಬಿಟ್ಟಾಗ ಏನಾಗಬೇಕಿತ್ತು? ದುಃಖವಾಗಬೇಕಿತ್ತು. ಕುರ್ಚಿಯಿಂದ ಎದ್ದವಳು ಗಿರಗಿರನೆ ಎರಡು ಸುತ್ತು ತಿರುಗಿದೆ.

ಪೂಜೆ ಮುಗಿಸಿ ಬಂದ ಅತ್ತೆಗೆ ಹೇಳಿದೆ. ಅವರಿಗೆ ಸಿಟ್ಟು ನೆತ್ತಿಗೇರಿತು.

“ಹಿಂದ ತೊಗೊಂಡಿ? ಯಾರನ್ನ ಕೇಳಿ ತೊಗೊಂಡಿ? ನಮ್ಮ ಸೊಸಿ ಬರದದ್ದು ಪರದೇಶದಾಗ ಅಚ್ಚಾಗ್ತದ ಅಂತ ಬಾಜೂಮನಿ ಸಾವಿತ್ರಿಬಾಯಿಗೆ ಹೇಳಿ ಕುಂತೀನಿ. ಈಗ ಅಕಿಗೆ ಏನಂತ ಮಾರಿ ತೋರಸ್ಲಿ?”

“ಖರೇ ಇದ್ದದ್ದು ಹೇಳ್ರಿ ಅತ್ಯಾ. ಸೊಸಿ ಲೆಕ್ಕ ತಪ್ಪಿತ್ತು, ಅದನ್ನ ನಾ ಮುರದೆ ಅಂತ ಹೇಳ್ರಿ.”

ಅತ್ತೆ ನನ್ನನ್ನೇ ನೋಡಿದರು. “ನಾ ಮುರದೆನೇನು?”

“ಮತ್ತ ಯಾರ್ರಿ? ನೀವ.”

“ಅಲ್ಲಿ ಓದಿದವರು ಇಬ್ಬರು ಇದ್ರು ಅಂದಿದ್ಯಲ್ಲ?”

“ಎರಡೆರಡು ಸಲ ಓದ್ಯಾರ. ಅವರಿಗೆ ಕಂಡಿಲ್ಲ.”

ಅತ್ತೆಯ ಮುಖದಲ್ಲಿ ಸಿಟ್ಟು ಇದ್ದಲ್ಲೇ ಇತ್ತು, ಆದರೆ ಬಾಯಿ ನಗತೊಡಗಿತ್ತು. ಸೆರಗು ಸರಿಮಾಡಿಕೊಂಡು, ಚಪ್ಪಲಿ ಸಹ ಹಾಕದೆ, ನೆಟ್ಟಗೆ ಕಂಪೌಂಡ್ ಗೋಡೆಯ ಹತ್ತಿರ ಹೋಗಿ, “ಸಾವಿತ್ರಿಬಾಯೀ, ಏ ಸಾವಿತ್ರಿಬಾಯೀ, ಹೊರಗ ಬಾರವಾ!” ಎಂದು ಕೂಗಿದರು.

ನಾನು ಕಿಟಕಿಯ ಹಿಂದೆ ನಿಂತೆ.

ಏನೇನು ಹೇಳುತ್ತಾರೋ ಎಂದು ಹೆದರಿದ್ದೆ. ಅತ್ತೆ ಮೊದಲು ಕೈಯಲ್ಲಿ ಒಯ್ದಿದ್ದ ತಂಬಿಗೆಯನ್ನು ಗೋಡೆಯ ಮೇಲೆ ಇಟ್ಟರು. “ಇದು ಮೈಲಿಗಿ ಅಂತ ತಿಳಕೋ” ಎಂದು ಶುರು ಮಾಡಿದರು. ಮುಟ್ಟಿದ್ದು, ಮುಟ್ಟಿದ್ದನ್ನು ಮುಟ್ಟಿದ್ದು, ರೇಷ್ಮೆಯ ವಿನಾಯಿತಿ ಯಾಕೆ ಸಾಲದು, ಸರಪಳಿ ಎಲ್ಲೂ ನಿಲ್ಲುವುದಿಲ್ಲ ಎಂದು ಯಾಕೆ ಅನ್ನಿಸುತ್ತದೆ, ಎಲ್ಲವನ್ನೂ ಅದೇ ಕ್ರಮದಲ್ಲಿ ಹೇಳಿದರು. ಸಾವಿತ್ರಿಬಾಯಿ ನಡುವೆ ಬಾಯಿ ಹಾಕಿದರೆ, “ತಡಿಯವಾ, ಅದು ಆಮ್ಯಾಲೆ ಬರ್ತದ, ಮೊದಲು ಇದು ಒಪ್ಪತಿಯೇನು ಹೇಳು” ಎಂದು ಒಪ್ಪಿಸಿಯೇ ಮುಂದೆ ಹೋದರು. ಪ್ರಮೇಯ ಪೂರ್ತಿಯಾದಾಗ ಸಾವಿತ್ರಿಬಾಯಿ ಬೆರಗಾಗಿ, “ಅಯ್ಯ, ಹಂಗಾರ ನಾವು ದಿನಾ ಮಾಡೂದೆಲ್ಲ ಸುಳ್ಳ ಅಂದಂಗಾಯ್ತಲ್ಲ! ಎಷ್ಟು ಶ್ಯಾಣೇ ಅದಾಳ ನಿಮ್ಮ ಸೊಸಿ” ಎಂದರು.

“ಶ್ಯಾಣೇ ಅದಾಳ,” ಎಂದರು ಅತ್ತೆ. “ಈಗ ನಾ ಅದನ್ನ ಹೆಂಗ ಮುರದೆ ಕೇಳು.”

ನಾನು ಕಿಟಕಿಯ ಸರಳು ಹಿಡಿದು ಅಳುತ್ತಲೂ ಇದ್ದೆ, ನಗುತ್ತಲೂ ಇದ್ದೆ. ಆರು ವರ್ಷದಲ್ಲಿ ನನ್ನ ಪ್ರಮೇಯವನ್ನು ಒಬ್ಬರು ಇನ್ನೊಬ್ಬರಿಗೆ ಪೂರ್ತಿ ಹೇಳಿದ್ದನ್ನು ಕೇಳಿದ್ದು ಇವತ್ತೇ ಮೊದಲು. ಅತ್ತೆ ಒಂದು ಹೆಜ್ಜೆಯನ್ನೂ ಬಿಡಲಿಲ್ಲ.